ಓಡದೆ ಬಂದ ಪದಕ

ಹಾಸ್ಟೆಲ್, ಬಸವನ ಬಾಗೇವಾಡಿ
೧೨ ನವೆಂಬರ್ ೨೦೨೪

ಪ್ರೀತಿಯ ಅವ್ವನಿಗೆ ನಿನ್ನ ಸುರೇಖಾಳ ಶರಣು.

ಕುರಿ ಇನ್ನೂ ಆಲಮಟ್ಟಿ ಕಡೆಯೇ ಇವೆಯೋ, ಮುದ್ದೇಬಿಹಾಳದ ಹೊಲಗಳಿಗೆ ಇಳಿದವೋ ಗೊತ್ತಿಲ್ಲ. ಅದಕ್ಕೇ ಈ ಪತ್ರವನ್ನು ಭಾಗ್ಯಾ ಅಕ್ಕನ ಮನೆಗೆ ಹಾಕುತ್ತಿದ್ದೇನೆ. ನೀನು ಸಂತೆಗೆ ಬಂದಾಗ ಅವಳು ಓದಿ ಹೇಳುತ್ತಾಳೆ. ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಹಚ್ಚಿದೆ, ಊಟ ಆಯಿತೇ ಎಂದು ಕೇಳಿ ಇಟ್ಟುಬಿಟ್ಟೆ.

ಅವ್ವಾ, ನಾನು ಜಿಲ್ಲೆಗೆ ಮೊದಲು ಬಂದೆ. ಸಿಂದಗಿಯ ಮೈದಾನದಲ್ಲಿ, ಮೂರು ಕಿಲೋಮೀಟರ್ ನಡಿಗೆಯಲ್ಲಿ. ನಗಬೇಡ, ನಡೆಯುವುದಕ್ಕೂ ಪದಕ ಕೊಡುತ್ತಾರೆ.

ಇದೆಲ್ಲ ಶುರುವಾದದ್ದು ನಿನ್ನ ಮಾತಿನಿಂದ. ನನ್ನನ್ನು ಇಲ್ಲಿ ಸೇರಿಸುವಾಗ ನೀನು ಆಟದ ಮಾಸ್ತರ ಜೈನುದ್ದೀನ ಸರ್ ಮುಂದೆ ದುಂಡೇಶಣ್ಣ ಹೋದ ದಿನದ ಸಂಗತಿ ಹೇಳಿದೆ. ಕಾಲುವೆಗೆ ಜಾರಿದ ಮರಿ ಹಿಡಿಯಲು ಅಣ್ಣ ಇಳಿದದ್ದು, ಪಾಚಿಗಟ್ಟಿದ ಸಿಮೆಂಟಿನ ಮೇಲೆ ಅವನಿಗೆ ಹತ್ತಲು ಆಗದ್ದು, ಕಾಲುವೆಯ ಗೇಟು ನೋಡಿಕೊಳ್ಳುವವರ ಖೋಲಿಯವರೆಗೆ ನಾನು ಹೋಗಿ ಜನ ಕರೆದದ್ದು. "ನನ್ನ ಮಗಳು ಎದಿ ಒಡಿಯೂ ಹಂಗ ಓಡ್ಯಾಳ್ರಿ. ಆದ್ರೂ ತಡಾ ಆತು," ಎಂದೆ. ಸರ್ ಕಣ್ಣೊರೆಸಿಕೊಂಡರು, ಮರುದಿನವೇ ನನ್ನನ್ನು ಎಂಟುನೂರು ಮೀಟರ್ ಓಟಕ್ಕೆ ನಿಲ್ಲಿಸಿದರು. ಸೀಟಿ ಊದಿದಾಗ ನನ್ನ ಕಾಲೇ ಏಳಲಿಲ್ಲ. ಹುಡುಗಿಯರು ಎಮ್ಮಿ ಎಂದು ಹೆಸರಿಟ್ಟರು. ಸರ್ ಮಾತ್ರ ನನ್ನ ನಡಿಗೆ ನೋಡಿ, ಇಷ್ಟು ಬಿರುಸಾಗಿ ನಡೆಯುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರು. ಕುರಿಯ ಮುಂದೆ ಓಡಬಾರದು, ಒಬ್ಬರು ಓಡಿದರೆ ಹಿಂಡೆಲ್ಲ ಬೆದರಿ ಓಡುತ್ತದೆ, ಅವ್ವ ಚಿಕ್ಕಂದಿನಿಂದ ಬೈದು ಬೈದು ಕಲಿಸಿದ್ದಾಳೆ ಎಂದೆ.

ನಡಿಗೆಯ ಸ್ಪರ್ಧೆಯಲ್ಲಿ ಎರಡೂ ಕಾಲು ಒಮ್ಮೆಗೇ ನೆಲ ಬಿಡಬಾರದು. ಓಡಿದವರಿಗೆ ಕೆಂಪು ಚೀಟಿ ತೋರಿಸಿ ಹೊರಗೆ ಹಾಕುತ್ತಾರೆ. ಕೊನೆಯ ಸುತ್ತಿನಲ್ಲಿ ಇಂಡಿ ತಾಲ್ಲೂಕಿನ ಐಶ್ವರ್ಯ ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಆಗ ಬೆನ್ನ ಹಿಂದೆ ಅಣ್ಣನ ದನಿ ಬಂತು. ಬಾಯಿಗೆ ನೀರು ಹೊಕ್ಕ ದನಿ.

"ಸುರೀ, ಓಡು."

ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. ನಾನು ಹತ್ತಿರವಾದದ್ದು ಕಂಡು ಐಶ್ವರ್ಯ ಗಾಬರಿಯಿಂದ ಓಡಿಬಿಟ್ಟಳು, ಅವಳಿಗೆ ಕೆಂಪು ಚೀಟಿ ಬಂತು. ನಾನು ಗೆರೆ ಮುಟ್ಟುವವರೆಗೂ ಅವನು ಕೂಗುತ್ತಲೇ ಇದ್ದ. ಸರ್ ನನ್ನ ತಲೆಯ ಮೇಲೆ ಕೈಯಿಟ್ಟು, "ನೀ ಓಡಲಿಲ್ಲ ನೋಡವಾ, ಅದಕ್ಕ ಗೆದ್ದಿ," ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು.

ಪದಕ ಟ್ರಂಕಿನಲ್ಲಿದೆ. ಮತ್ತೆ ಕೊರಳಿಗೆ ಹಾಕಿಕೊಂಡಿಲ್ಲ. ಶಾಲೆಗೆ ಸೂಟಿ ಬಿಟ್ಟು ಬರುವಾಗ ತರುತ್ತೇನೆ, ನೀನು ಬಾ ಎಂದರೆ.

ನಿನ್ನ ಮಗಳು
ಸುರೇಖಾ

ತಾ.ಕ.: ಭಾಗ್ಯಾ ಅಕ್ಕಾ, ಸಹಿ ಬಂತೆಂದು ಕಾಗದ ಮಡಚಬೇಡ, ಇದನ್ನೂ ಅವ್ವನಿಗೆ ಓದು. ಅವ್ವಾ, ಅವತ್ತು ಅಣ್ಣ ನೀರಿನೊಳಗಿಂದ ಹೀಗೇ ಕೂಗಿದ್ದ. ಹಿಂಡು ಕಾಲುವೆಯ ದಂಡೆಯ ಮೇಲಿತ್ತು. ಓಡಿದರೆ ಬೆದರಿ ಎಲ್ಲವೂ ನೀರಿಗೆ ಬೀಳುತ್ತವೆ, ನೀನು ಬಯ್ಯುತ್ತೀ ಎಂದು ನಡೆದೆ. ಹಿಂಡು ದಾಟಿದ ಮೇಲೂ ಖೋಲಿಯವರೆಗೆ ನಡೆದೇ ಹೋದೆ. ಯಾಕೆಂದು ನನಗೆ ಇವತ್ತಿಗೂ ತಿಳಿಯದು. ಓಡಿ ಹೋದಿಯಾ ಎಂದು ನೀನು ಕೇಳಿದಾಗ, ಹೂಂ ಎಂದೆ.