ಬಿದ್ದವರ ಹೆಸರು

ಫಾಲೋಫೀಲ್ಡ್, ಮ್ಯಾಂಚೆಸ್ಟರ್
11 ಮಾರ್ಚ್ 2025

ಪ್ರೀತಿಯ ಅಪ್ಪಾ,

ಸೊಂಟ ಹೇಗಿದೆ? ಅಮ್ಮ ಕೊಡುವ ಬಿಸಿನೀರಿನ ಶಾಖ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ. ರೂಮಿನ ಹೀಟರ್ ಕೈಕೊಟ್ಟಿದೆ, ಆದರೆ ಕಂಬಳಿ ಎರಡಿವೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು ಕಟ್ ಮಾಡುತ್ತೀಯ.

ಕಳೆದ ಬುಧವಾರ ನಮ್ಮ ಸಿನಿಮಾ ತರಗತಿಯಲ್ಲಿ ಕರಾಟೆ, ಕುಂಗ್ ಫೂ ಚಿತ್ರಗಳು ಯಾಕೆ ಅಷ್ಟು ಮಜಾ ಕೊಡುತ್ತವೆ ಎಂಬ ಚರ್ಚೆ ನಡೆಯಿತು. ಒಬ್ಬ, ಹೀರೋನ ವೇಗ ಅಂದ, ಇನ್ನೊಬ್ಬಳು ಕ್ಯಾಮೆರಾ ಅಂದಳು, ಮೇಷ್ಟ್ರು ಸೇಡಿನ ಕಥೆ ಅಂದರು. ನಾನು ಎದ್ದು ನಿಂತು ಮೂರೂ ತಪ್ಪು ಅಂದೆ. ನೀನು ಹೀರೋ ಕೈಲಿ ಒದೆ ತಿನ್ನುವ ಹಳೇ ಸಿನಿಮಾದ ಆ ಮಾರ್ಕೆಟ್ ಫೈಟನ್ನು ಪರದೆಗೆ ಹಾಕಿ, ಸದ್ದು ಪೂರ್ತಿ ತೆಗೆದು, ನಿಧಾನಕ್ಕೆ ಓಡಿಸಿದೆ. ಹೀರೋನ ಕಾಲು ನಿನ್ನ ದವಡೆಯಿಂದ ಒಂದು ಗೇಣು ದೂರದಲ್ಲಿತ್ತು. ಆ ಒದೆಗೆ ತೂಕ ಕೊಟ್ಟವನು ನೀನು, ಕತ್ತು ಸರಕ್ಕನೆ ತಿರುಗಿಸಿ ಟೊಮೇಟೊ ಬುಟ್ಟಿಗಳ ಮೇಲೆ ಬೆನ್ನು ಕೊಟ್ಟು ಬಿದ್ದವನು. ಆಮೇಲೆ ಪರದೆಗೆ ಅಡ್ಡವಾಗಿ ಒಂದು ರಟ್ಟಿನ ಫೈಲ್ ಹಿಡಿದು ಹೀರೋನನ್ನು ಮುಚ್ಚಿದೆ. ಆಗಲೂ ಅಲ್ಲಿ ಫೈಟ್ ಇತ್ತು. ನಿನ್ನನ್ನು ಮುಚ್ಚಿದೆ, ಯಾರೋ ಒಬ್ಬ ಸುಮ್ಮನೆ ಗಾಳಿಗೆ ಕಾಲು ಬೀಸುತ್ತಿದ್ದ, ಇಡೀ ತರಗತಿ ನಕ್ಕಿತು. ಬಿದ್ದವರು ಯಾರು ಅಂತ ಮೇಷ್ಟ್ರು ಕೇಳಿದರು. ನಮ್ಮಪ್ಪ, ಜಗದೀಶ, ಫೈಟರ್ ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಳು ತಡೆಯಲಾಗಲಿಲ್ಲ. ಶಾಲೆಯಲ್ಲಿ ಕೇಳಿದವರಿಗೆಲ್ಲ ನಮ್ಮಪ್ಪನದು ಸ್ಪೇರ್ ಪಾರ್ಟ್ಸ್ ಅಂಗಡಿ ಅಂತ ಸುಳ್ಳು ಹೇಳಿದವಳು ನಾನೇ ಅಲ್ಲವೇ.

ನನ್ನ ಪ್ರಬಂಧ ನಿನ್ನ ಮೇಲೆ ಅಂತ ಭಾನುವಾರ ಫೋನ್ ಮಾಡಿದರೆ ನೀನು ಏನಂದೆ? "ಇಪ್ಪತ್ತೆರಡು ವರ್ಷ ಹೀರೋಗಳ ಕೈಲಿ ಒದೆ ತಿಂದೋನು ನಾನು. ನನ್ನ ಹೆಸರು ಹಾಕಿ ಅಲ್ಲಿ ಮರ್ಯಾದೆ ಕಳ್ಕೋಬೇಡ." ಅಪ್ಪಾ, ನನಗೆ ಮೈಯೆಲ್ಲ ಉರಿಯಿತು. ಯಾರ ಮರ್ಯಾದೆ? ಟೈಟಲ್ ಕಾರ್ಡಿನಲ್ಲಿ ಊಟ ಒದಗಿಸಿದವರ ಹೆಸರಿದೆ, ಹೀರೋಗೆ ಕನ್ನಡಕ ಕೊಟ್ಟ ಅಂಗಡಿಯ ಹೆಸರಿದೆ. ನಿಮಗೆಲ್ಲ ಸೇರಿ "ಮತ್ತು ಸಂಗಡಿಗರು" ಅಂತ ಎರಡು ಪದ. ನಾಚಿಕೆ ಆಗಬೇಕಾದದ್ದು ಅದನ್ನು ಬರೆದವರಿಗೆ. ಚಿಕ್ಕಪ್ಪ ಮದುವೆಮನೆಗಳಲ್ಲಿ "ನಮ್ಮಣ್ಣ ಒದೆ ತಿನ್ನೋದ್ರಲ್ಲಿ ಎಕ್ಸ್‌ಪರ್ಟು" ಅಂತ ನಗಿಸುತ್ತಿದ್ದರಲ್ಲ, ಇನ್ನೂ ನಗಿಸಲಿ. ಅದೇ ಮಾತನ್ನು ನಾನು ನೂರು ಪುಟದಲ್ಲಿ ಬರೆಯುತ್ತೇನೆ, ಯಾರು ನಗುತ್ತಾರೋ ನೋಡೋಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಬೈಯುವುದಿದ್ದರೆ ಬೈ, ಆದರೆ ಆಶೀರ್ವಾದ ಮಾಡಿ ಆಮೇಲೆ ಬೈ.

ನಿನ್ನ ಮೊಂಡು ಮಗಳು,
ಚೈತನ್ಯಾ

ತಾ.ಕ.: ಪ್ರಬಂಧದ ಮೊದಲ ಪುಟಕ್ಕೆ ನಿನ್ನ ಹೆಸರು ಹಾಕಿಯಾಗಿದೆ, ಅದಕ್ಕೆ ಅಪ್ಪಣೆ ಕೇಳುತ್ತಿಲ್ಲ. ಆದರೆ ಆ ಫೈಟಿನಲ್ಲಿ ನಿನ್ನ ಜೊತೆ ಇನ್ನೂ ಒಂಬತ್ತು ಜನ ಬಿದ್ದಿದ್ದಾರೆ. ಬಾಳೆಗೊನೆ ಗಾಡಿಗೆ ತಲೆ ಬಡಿದು, ಆಮೇಲೆ ಯಾವತ್ತೂ ಕೆಲಸಕ್ಕೆ ಬರಲಾಗದೆ ಹೋದವರೂ ಅವರಲ್ಲಿದ್ದಾರೆ. ಅವರ ಹೆಸರು ಎಲ್ಲೂ ಬರೆದಿಲ್ಲ, ಗೊತ್ತಿರುವುದು ನಿನಗೊಬ್ಬನಿಗೆ. ನಿನಗೆ ಬೇಡ ಅಂದೆ, ಸರಿ. ಅವರಿಗೂ ಬೇಡ ಅನ್ನುತ್ತೀಯಾ? ಈ ತಿಂಗಳೊಳಗೆ ಬರೆದು ಕಳಿಸು, ಇನಿಷಿಯಲ್ ಸಮೇತ.