ದೂರು ಕೊಡಬೇಕಾದವರ ಹೆಸರು

ಡೊಂಬಿವಲಿ ಪೂರ್ವ, ಮಹಾರಾಷ್ಟ್ರ
೧೫ ಅಕ್ಟೋಬರ್ ೨೦೦೮, ಬುಧವಾರ

ಪ್ರೀತಿಯ ಅತ್ತೆಗೆ, ನಿಮ್ಮ ಬಾಯಿಬಡುಕಿ ಸೊಸೆ ಶರ್ಮಿಳಾಳ ನಮಸ್ಕಾರ.

ಉಡುಪಿಯಲ್ಲಿ ನೀವೂ ಮಾನಸಿಯೂ ಹೊಸ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿಮ್ಮ ಮೊಣಕಾಲು ಹೇಗಿದೆ? ಮಗಳ ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆತಿರುತ್ತೀರಿ, ನನಗೆ ಗೊತ್ತು. ಬಾಣಂತಿಯನ್ನು ಮೀಯಿಸಲು ಬರುವ ಬಾಲಮ್ಮನ ಕೈಯಲ್ಲಿ ನಿಮ್ಮ ಕಾಲನ್ನೂ ಸ್ವಲ್ಪ ತಿಕ್ಕಿಸಿಕೊಳ್ಳಿ, ನಾಚಿಕೆ ಬೇಡ. ನಿಮ್ಮ ಮೊಮ್ಮಗಳು ತನ್ವಿ ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲೇ "ಅಜ್ಜಿ ಕಬ್ ಆಯೇಗೀ?" ಎನ್ನುತ್ತಾಳೆ. 'ಯಾವಾಗ ಬರ್ತಾರೆ' ಎಂದು ಕನ್ನಡದಲ್ಲಿ ಕೇಳು ಎಂದರೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹಿಂದಿಯಲ್ಲಿ ಕೇಳುತ್ತಾಳೆ. ದಿನಾ ಫೋನ್ ಮಾಡುವವಳು ಇದೇನು ಕಾಗದ ಬರೆದಳು ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಗಾಬರಿಯಾಗದೆ, ಕೂತುಕೊಂಡು ಓದಿ.

ಗಾಂಧಿ ಜಯಂತಿಯಿಂದ ಹೋಟೆಲಿನ ಒಳಗೆ ಯಾರೂ ಸಿಗರೇಟು ಸೇದಬಾರದೆಂದು ಸರಕಾರದ ನಿಯಮ ಬಂದಿದೆ. ನಮ್ಮ ಹೋಟೆಲಿನಲ್ಲೂ ಬೋರ್ಡು ಹಾಕಬೇಕು. ಯಾರಾದರೂ ಸೇದಿದರೆ ದೂರು ಯಾರಿಗೆ ಕೊಡಬೇಕೋ ಅವರ ಹೆಸರೂ ಬೋರ್ಡಿನಲ್ಲಿರಬೇಕು. ನಿಮ್ಮ ಮಗ ಅನೀಶ ಠಾಕುರ್ಲಿಯ ಪೇಂಟರನ್ನು ಕರೆಸಿ ಮಾವನ ಹೆಸರು ಬರೆಸಿದರು, ಅದೂ 'ಶ್ರೀ' ಸೇರಿಸಿ. ಬೇಡ, ನಿಮ್ಮದೇ ಹೆಸರು ಹಾಕಿಸಿಕೊಳ್ಳಿ ಎಂದು ನಿಮ್ಮ ಮಗನಿಗೆ ನಾನು ಬಡಿದುಕೊಂಡೆ. ಹಿರಿಯರು ಇರುವಾಗ ಕಿರಿಯರ ಹೆಸರು ಹಾಕುವುದುಂಟೇ ಎಂದರು, ಮದುವೆ ಕಾಗದ ಅಚ್ಚು ಹಾಕಿಸುತ್ತಿರುವವರ ಹಾಗೆ. ಮಾವನಿಗೂ ಖುಷಿಯೋ ಖುಷಿ. ದುಡ್ಡು ತೆಗೆದುಕೊಳ್ಳುವ ಗಲ್ಲದಲ್ಲಿ ಕೂತು, ತಲೆಯೆತ್ತಿ ತಮ್ಮ ಹೆಸರನ್ನು ಓದಿಕೊಂಡು, ಆ ಬೋರ್ಡಿನ ಕೆಳಗೇ ಸಿಗರೇಟು ಹಚ್ಚಿದರು.

ಹೌದು ಅತ್ತೆ, ಸೇದುತ್ತಿದ್ದಾರೆ. ನಿಮ್ಮೆದುರು ಯಾವತ್ತೂ ಸೇದಿದವರಲ್ಲ. ನೀವು ಊರಿಗೆ ಹೋದಮೇಲೆ ಹೇಳುವವರು ಕೇಳುವವರು ಇಲ್ಲದ ಹಾಗಾಗಿದೆ. ನಿಮ್ಮ ಮಗನಿಗೆ ಅಪ್ಪನೆದುರು ಬಾಯಿಯೇ ಬರುವುದಿಲ್ಲ. ನಾನು ಹೇಳಿದರೆ ಮಾವ "ಆಯ್ತು ಆಯ್ತು" ಎಂದು ನಕ್ಕುಬಿಡುತ್ತಾರೆ. ನನಗೆ ಬರುವ ಸಿಟ್ಟು ನಿಮಗೇ ಗೊತ್ತಲ್ಲ, ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ.

ಮೊನ್ನೆ ಭಾನುವಾರ ಸಂಜೆ ಹೋಟೆಲು ತುಂಬಿತ್ತು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಬೋರ್ಡು ಓದಿ, ನೇರ ಗಲ್ಲಕ್ಕೆ ಬಂದು, ಈ ಹೃಷೀಕೇಶ ಯಾರು, ಅವರಿಗೊಂದು ದೂರು ಕೊಡಬೇಕು ಎಂದು ಮರಾಠಿಯಲ್ಲಿ ಕೇಳಿದಳು. ಮಾವ ಕೈಯಲ್ಲಿದ್ದ ಸಿಗರೇಟನ್ನು ಮೇಜಿನ ಕೆಳಗೆ ಇಳಿಸಿ "ಮೀಚ್" ಎಂದರು, ನಾನೇ ಅಂತ. ಸುತ್ತ ಕೂತವರೆಲ್ಲ ನಕ್ಕರು. ಮಾವನೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಕೈತೊಳೆಯುವ ಬೇಸಿನ್ನಿನ ಕಡೆಗೆ ಗೋಡೆ ಹಿಡಿದುಕೊಂಡು ಹೋದರು. ನಾನು ನೀರಿನ ಲೋಟ ಹಿಡಿದು ಹಿಂದೆಯೇ ಓಡಿದೆ. ಅವರು ಅವಸರದಲ್ಲಿ ನಲ್ಲಿ ಬಿಟ್ಟು ಬೇಸಿನ್ನು ತೊಳೆದರು. ಆಮೇಲೆ ನನ್ನನ್ನು ಹತ್ತಿರ ಕರೆದು, "ಅನೀಶನ ಅಮ್ಮನಿಗೆ ಫೋನ್ ಮಾಡಿ ಹೇಳ್ಲಿಕ್ಕಿಲ್ಲ, ಆಯ್ತಾ? ಅವಳು ಬಾಣಂತಿಯನ್ನು ಬಿಟ್ಟು ಓಡಿ ಬರ್ತಾಳೆ" ಎಂದು ಮಾತು ತೆಗೆದುಕೊಂಡರು. ಫೋನ್ ಮಾಡಿ ಹೇಳುವುದಿಲ್ಲ ಎಂದೆ. ಮಾತು ತಪ್ಪಿಲ್ಲ ನೋಡಿ, ಕಾಗದ ಬರೆಯುತ್ತಿದ್ದೇನೆ.

ಸೋಮವಾರ ನಿಮ್ಮ ಮಗ ಹೇಗೋ ಹೊರಡಿಸಿಕೊಂಡು ಸ್ಟೇಷನ್ ಹತ್ತಿರದ ಡಾಕ್ಟರಿಗೆ ತೋರಿಸಿದರು. ಈ ಕೆಮ್ಮು ಸರಿಯಿಲ್ಲ, ತಡಮಾಡದೆ ಠಾಣೆ ಊರಿನ ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಮಾವ ಜಪ್ಪಯ್ಯ ಎಂದರೂ ಹೊರಡುವುದಿಲ್ಲ. ದೀಪಾವಳಿಯ ವ್ಯಾಪಾರ ಮುಗಿಯಲಿ ಎಂದು ಒಮ್ಮೆ, ಅವಳು ಬರಲಿ ಎಂದು ಇನ್ನೊಮ್ಮೆ. ನಿನ್ನೆಯಿಂದ ತಂದೆಗೂ ಮಗನಿಗೂ ಮಾತಿಲ್ಲ. ಮನೆಯಲ್ಲಿ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿದರೆ ಕೈಯ ಕೆಲಸ ಬಿಟ್ಟು ಬಚ್ಚಲಿನ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಕೆಮ್ಮು ನಮಗೆ ಕೇಳಬಾರದೆಂದು ಹಾಗೆ ಮಾಡುತ್ತಾರೆ. ನನಗೆ ಹೆದರಿಕೆಯಾಗುತ್ತಿದೆ ಅತ್ತೆ.

ಇವತ್ತು ಬೆಳಿಗ್ಗೆ ಒಂದು ಅಧಿಕಪ್ರಸಂಗ ಮಾಡಿದ್ದೇನೆ, ಬೈಯಬೇಡಿ. ಮಾವ ಮಾರ್ಕೆಟ್ಟಿಗೆ ಹೋಗಿದ್ದಾಗ ಪೇಂಟರನ್ನು ಕರೆಸಿ ಅವರ ಹೆಸರು ಅಳಿಸಿ ನಿಮ್ಮ ಹೆಸರು ಬರೆಸಿದೆ. ನಿಯಮಕ್ಕೆ ಸರಿಯೋ ತಪ್ಪೋ ನಾನರಿಯೆ. ನೀವಿಬ್ಬರೂ ಒಬ್ಬರ ಹೆಸರನ್ನು ಒಬ್ಬರು ಹೇಳದವರು. ರೇಷನ್ ಕಾರ್ಡಿನವರು ಬಂದು ಹೆಂಡತಿಯ ಹೆಸರೇನು ಎಂದಾಗ ನೀನೇ ಹೇಳು ಎಂದು ಮಾವ ನನ್ನ ಕಡೆ ಕೈ ತೋರಿಸಿದ್ದು ನೆನಪಿದೆಯಲ್ಲ? ಆ ಹೆಸರಿನ ಕೆಳಗೆ ಹೇಗೆ ಸೇದುತ್ತಾರೋ ನೋಡುವ ಎನಿಸಿತು.

ಮಾನಸಿಗೆ ಬೆಚ್ಚಗಿರಲು ಹೇಳಿ. ಕೂಸಿಗೆ ಈ ಶರ್ಮಿಳತ್ತೆಯ ಕಡೆಯಿಂದ ಮುತ್ತು. ಬಾಲಮ್ಮನನ್ನು ಕೇಳಿದೆನೆಂದು ತಿಳಿಸಿ. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲೆ, ಈಗ ಮುಖ್ಯವಾಗಿ ಮಾವನ ಮೇಲೆ, ಇರಲಿ.

ನಿಮ್ಮ
ಶರ್ಮಿಳಾ

ಮರೆಯುವ ಮೊದಲು: ಲಕೋಟೆ ಅಂಟಿಸುವ ಮುಂಚೆ ಹೋಟೆಲಿಗೆ ಹೋಗಿ ಬಂದೆ. ದಿನಾ ಬರುವ ಗಿರಾಕಿಯೊಬ್ಬರು ಬೋರ್ಡು ನೋಡಿ "ಶೇಠ್, ಯೇ ಸತ್ಯಭಾಮಾ ಕೌನ್ ಹೈ?" ಎಂದರು. ಮಾವನ ಕೈಯಲ್ಲಿ ಆಗಷ್ಟೇ ಹಚ್ಚಿದ ಸಿಗರೇಟಿತ್ತು. ತಲೆಯೆತ್ತಿ ಬೋರ್ಡನ್ನೇ ನೋಡಿದರು. ಆಮೇಲೆ ಸಿಗರೇಟನ್ನು ಚಹಾದ ಕಪ್ಪಿನ ಕೆಳಗಿನ ಬಸಿಯಲ್ಲಿ ಒತ್ತಿ, "ಸತ್ಯಭಾಮಾ ಮೇರೀ ಮಿಸೆಸ್. ಗಾಂವ್ ಗಯೀ ಹೈ" ಎಂದರು, ನನ್ನ ಹೆಂಡತಿ, ಊರಿಗೆ ಹೋಗಿದ್ದಾಳೆ ಅಂತ. ಅವರ ಬಾಯಲ್ಲಿ ನಿಮ್ಮ ಹೆಸರು ನಾನು ಕೇಳಿದ್ದು ಇದೇ ಮೊದಲು. ಮತ್ತೆ ಹಚ್ಚಲಿಲ್ಲ. ಕೊರಿಯರಿನವ ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಮಂಗಳವಾರಕ್ಕೆ ನಿಮಗೆ ರೈಲಿನ ಟಿಕೆಟ್ ತೆಗೆದಿದ್ದೇವೆ, ಇದರೊಳಗೇ ಇದೆ. ಠಾಣೆಯಲ್ಲಿ ಇಳಿಯಿರಿ. ದೀಪಾವಳಿಗೆ ಬರುತ್ತೀರೆಂದು ಮಾವನಿಗೆ ಹೇಳಿದ್ದೇವೆ, ಕರೆತರಲು ತಾನೇ ಹೋಗುತ್ತೇನೆ ಎಂದಿದ್ದಾರೆ. ಸ್ಕ್ಯಾನಿಗೆ ಅಲ್ಲೇ ಹೇಳಿಟ್ಟಿದ್ದೇವೆ, ಅದು ಅವರಿಗೆ ಗೊತ್ತಿಲ್ಲ. ಮನೆಗೆ ಹೋಗಿ ಚಾ ಕುಡಿದು ನಾಳೆ ನೋಡುವ ಎಂದರೆ ಒಪ್ಪಬೇಡಿ. ದೂರು ಕೊಡಬೇಕಾದವರು ಈಗ ನೀವೇ ತಾನೇ, ನನ್ನದನ್ನು ಬರೆದುಕೊಳ್ಳಿ. ಭಾನುವಾರ ಅವರು ನಲ್ಲಿ ಬಿಡುವ ಮೊದಲು ಬೇಸಿನ್ನಿನಲ್ಲಿ ನಾನು ಕಂಡದ್ದು ರಕ್ತ. ಬನ್ನಿ ಅತ್ತೆ.