ನಡಾವಳಿಯಲ್ಲಿ ಇಲ್ಲದ ಮಾತು

ಸೇತುವೆ ಬೀದಿಯ ಮನೆ
ಮೇ ೧೪

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಗಳ ಮನೆಯ ಮೂರು ಮಹಡಿಗಳನ್ನು ದಿನವೂ ಹತ್ತಿಳಿಯುತ್ತೀಯೆಂದು ನಿನ್ನ ಹೆಂಡತಿ ತಿಳಿಸಿದಳು. ಐವತ್ತು ವರ್ಷ ದೋಣಿಯಲ್ಲಿ ಮಡಚಿ ಕುಳಿತ ಕಾಲಿಗೆ ಅದು ಒಗ್ಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಇದು ನನ್ನ ಮೂರನೆಯ ಪತ್ರ. ಮೊದಲೆರಡಕ್ಕೆ ನೀನು ಉತ್ತರಿಸಲಿಲ್ಲ ಎಂಬುದನ್ನು ಮರೆತಿಲ್ಲ.

ನಿನ್ನ ದೋಣಿ ದಡದಲ್ಲಿ ಮಗುಚಿ ಬಿದ್ದಿದೆ. ಒಡ್ಡಿನ ಕೆಳಗಿನ ಮಡುವಿನಲ್ಲಿ ಈಗ ನೀರಿಲ್ಲ, ಬಿರುಕುಬಿಟ್ಟ ಕೆಸರಿದೆ. ಸತ್ತ ಮೀನಿನ ವಾಸನೆಗೆ ನಾನು ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೇನೆ. ಕಳೆದ ವಾರ ನಿನ್ನ ಸಂಗಡಿಗ ಮೀನುಗಾರರು ನದಿ ಸಮಿತಿಗೆ ದೂರು ತಂದಿದ್ದರು. ತೋಟದವರು, ಬಣ್ಣದ ಗಿರಣಿಯ ಮ್ಯಾನೇಜರು, ಊರಿಗೆ ನೀರು ಬಿಡುವ ಎಂಜಿನಿಯರು, ಎಲ್ಲರೂ ಶಾಂತವಾಗಿಯೇ ಕೇಳಿಸಿಕೊಂಡರು. ಬೇಸಿಗೆಯಲ್ಲಿ ಒಡ್ಡಿನ ಎಲ್ಲ ಗೇಟುಗಳನ್ನೂ ಮುಚ್ಚಲು ಮೀನುಗಾರರೂ ಒಪ್ಪಿದ್ದರೆಂದು ಹೇಳಿ ಮ್ಯಾನೇಜರು ಸಮಿತಿಗಾಗಿ ನಾನು ಬರೆಯುವ ನಡಾವಳಿ ಪುಸ್ತಕವನ್ನೇ ಮುಂದಿಟ್ಟರು. "ಟೀಚರಮ್ಮ ಬರ್ದಿದ್ದಾರೆ ಅಂದ್ಮೇಲೆ ಮುಗೀತು. ಅದರಲ್ಲಿ ಒಂದು ಕೊಂಬು, ಇಳಿಯೂ ತಪ್ಪಿರಲ್ಲ," ಎಂದರು. ಮೂವತ್ತೆಂಟು ವರ್ಷ ಪಾಠ ಹೇಳಿದ ನನಗೆ ಸಿಕ್ಕ ಕೊನೆಯ ಬಹುಮಾನ ಇದು.

ಗೇಟು ಮುಚ್ಚುವ ತೀರ್ಮಾನವಾದ ದಿನ ನೀನು ಎದ್ದು ನಿಂತು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಹೊಳೆ ನಿಮ್ಮಪ್ಪಂದಾ? ಒಂದು ಗೇಟಾದ್ರೂ ತೆಗೆದಿಡಿ. ಇಲ್ದಿದ್ರೆ ಕೆಳಗಿರೋರ ಬಾಯಿಗೆ ಮಣ್ಣೇ." ಅದರ ನಂತರ ಇನ್ನೂ ನಾಲ್ಕು ಬೈಗುಳ. ಬೈಗುಳ ದಾಖಲೆಗೆ ಸಲ್ಲದೆಂಬ ನಿಯಮ ನನ್ನದೇ. ಬೈಗುಳದ ಜೊತೆಗೆ ನಿನ್ನ ಆಕ್ಷೇಪವನ್ನೂ ಕೈಬಿಟ್ಟು, 'ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ದುಂಡಗೆ ಬರೆದೆ. ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ, ಸುಮ್ಮನಿದ್ದವರು ಒಪ್ಪಿದಂತೆ ಎಂಬ ಪದ್ಧತಿ ನಿನಗೂ ತಿಳಿದಿತ್ತು. ನೀನಾದರೂ ಬಾಯಿಬಿಡಬೇಕಿತ್ತು. ನೀನು ನನ್ನ ಮುಖ ನೋಡಿ, "ಆಯ್ತಕ್ಕಾ, ನೀ ಬರ್ದಿದ್ದೇ ಸರಿ," ಎಂದು ಹೊರಟುಹೋದೆ. ತುಂಬಿದ ಸಭೆಯಲ್ಲಿ ಅಕ್ಕನ ತಪ್ಪು ಎತ್ತಬಾರದೆಂಬ ನಿನ್ನ ಮರ್ಯಾದೆ ಒಂದು ಮಡುವನ್ನೇ ತಿಂದಿತು.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಆಶೀರ್ವಾದ ತಿಳಿಸು. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ನಿನ್ನ ಹಿತವನ್ನೇ ಬಯಸುವ,
ಅಕ್ಕ

ಮರೆತಿದ್ದೆ: ೨೩ರಂದು ಸಭೆಯಿದೆ. ಮಾತಾಡಿದವನೇ ಎದುರು ನಿಂತು ಹೇಳಿದರೆ ಮಾತ್ರ ನಡಾವಳಿ ತಿದ್ದಬಹುದಂತೆ. ತಿದ್ದಿ ಸರ್ವಾನುಮತ ಮುರಿದರೆ ಒಂದು ಗೇಟು ತೆರೆಯುತ್ತಾರೆ. ಬಾ. ಬೈಗುಳವನ್ನೂ ಬಿಡದೆ ಬರೆಯುತ್ತೇನೆ. ನಿನ್ನ ಮಾತನ್ನು ನಿಯಮಕ್ಕಾಗಿ ಬಿಟ್ಟೆನೆಂದು ಮೇಲೆ ಬರೆದದ್ದು ಸುಳ್ಳು. ಆ ದಿನ ಮ್ಯಾನೇಜರು ನನ್ನತ್ತ ಬಾಗಿ, "ಯಾರಮ್ಮ ಆ ಒರಟ?" ಎಂದು ಕೇಳಿದ್ದರು. ನನಗೆ ಗೊತ್ತಿಲ್ಲ ಎಂದಿದ್ದೆ.